ಬಿಸಿ ಟವಲು, ತಣ್ಣನೆ ಬೆವರು

ನನ್ನ ನಾಲಿಗೆ ಸ್ವಲ್ಪ ಚೂಪು ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಇಪ್ಪತ್ತೆರಡು ವರ್ಷ ಲಾಂಡ್ರಿಯ ಕೌಂಟರಿನಲ್ಲಿ ನಿಂತು, 'ಈ ಕಲೆ ನಾವು ಕೊಡುವಾಗ ಇರಲೇ ಇಲ್ಲ' ಎನ್ನುವವರಿಗೆಲ್ಲ ಉತ್ತರ ಕೊಟ್ಟವಳು ನಾನು. ನನ್ನ ನಾಲಿಗೆ ಬೆಣ್ಣೆಯ ಹಾಗಿರಬೇಕು ಎಂದರೆ ಹೇಗೆ? ಆದರೆ ಆ ಮಂಗಳವಾರ ಮಧ್ಯಾಹ್ನ, ಅದೇ ನಾಲಿಗೆ ಆಡಲೇಬೇಕಾಗಿದ್ದ ಹೊತ್ತಿನಲ್ಲಿ, ನಾನು ಬಾಯಿ ಮುಚ್ಚಿಕೊಂಡು ಟವಲಿಗೆ ಇಸ್ತ್ರಿ ಹಾಕುತ್ತ ನಿಂತಿದ್ದೆ. ಇಪ್ಪತ್ತೈದು ನಿಮಿಷ! ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಟವಲಿನ ಕಥೆ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮದು ಮೂರು ಕೋಣೆಗಳ ಲಾಂಡ್ರಿ. ಮುಂದೆ ಕೌಂಟರ್, ಅದು ನನ್ನ ರಾಜ್ಯ. ಹಿಂದೆ ಒಗೆಯುವ ಮೆಷಿನ್ನುಗಳು ಗುಡುಗುಡು ಎನ್ನುವ ಕೋಣೆ. ನಡುವೆ ಇಸ್ತ್ರಿ ಕೋಣೆ. ಅಲ್ಲಿ ಒಂದು ಬಾಯ್ಲರು, ಮೂರು ಉದ್ದನೆಯ ಮೇಜು, ಸೂರಿನಿಂದ ಇಳಿಬಿದ್ದ ಹಬೆಯ ಕೊಳವೆಗಳು. ನಮ್ಮವರು, ಅಂದರೆ ನನ್ನ ಗಂಡ, ಅಲ್ಲಿಯೇ ಬೆಳಗಿನಿಂದ ಸಂಜೆಯವರೆಗೆ ಇಸ್ತ್ರಿ ಹಾಕುತ್ತಾರೆ. ಕಿಟಕಿಯ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಅತ್ತೆ ಬಟ್ಟೆಗಳಿಗೆ ನಂಬರಿನ ಚೀಟಿ ಹೊಲಿಯುತ್ತಾರೆ. ಎಪ್ಪತ್ತೊಂದು ವಯಸ್ಸು, ಸೂಜಿಗೆ ದಾರ ಪೋಣಿಸಲು ಇನ್ನೂ ಕನ್ನಡಕ ಬೇಡ. ನನ್ನ ಮೈದುನ ವ್ಯಾನು ಓಡಿಸುತ್ತಾನೆ, ಬಟ್ಟೆ ತರುತ್ತಾನೆ, ಕೊಡುತ್ತಾನೆ, ನಡುವೆ ಬಿಡುವಾದರೆ ಹರಟುತ್ತಾನೆ. ಬಿಡುವಾಗದಿದ್ದರೂ ಹರಟುತ್ತಾನೆ.

ಇಸ್ತ್ರಿಯವರಿಗೆ ಮೈಕೈ ನೋವು ಹೊಸದಲ್ಲ. ಭುಜ ಹಿಡಿಯುತ್ತದೆ, ಬೆನ್ನು ಹಿಡಿಯುತ್ತದೆ, ಬೆರಳು ಮರಗಟ್ಟುತ್ತದೆ. ಅದಕ್ಕೆ ನಮ್ಮ ಮಾವನ ಕಾಲದಿಂದ ಒಂದೇ ಔಷಧ. ದಪ್ಪ ಟವಲನ್ನು ನಾಲ್ಕು ಮಡಿಕೆ ಮಾಡು, ಮೇಲೆ ಎರಡು ಹನಿ ನೀರು ಚಿಮುಕಿಸು, ಬಿಸಿ ಇಸ್ತ್ರಿ ಒತ್ತು, ನೋವಿದ್ದ ಕಡೆ ಹಾಕು. ಆಹಾ, ಆ ಸುಖ ಹೇಳತೀರದು. ಕುತ್ತಿಗೆ ಉಳುಕಿದರೆ ಟವಲು, ಹೊಟ್ಟೆ ನುಲಿದರೆ ಟವಲು. ಒಮ್ಮೆ ಮೈದುನ ಪರೀಕ್ಷೆಯಲ್ಲಿ ಫೇಲಾಗಿ ಮುಸುಕು ಹೊದ್ದು ಮಲಗಿದ್ದಾಗಲೂ ಅತ್ತೆ ಅವನ ತಲೆಯ ಮೇಲೆ ಟವಲು ಹಾಕಿದ್ದರಂತೆ.

ಇನ್ನು ಹೋದ ವರ್ಷದ ನನ್ನ ಕಥೆ. ಒಂದು ಬೆಳಿಗ್ಗೆ ನನಗೆ ಎದೆಯ ನಡುವೆ ಉರಿ, ಒತ್ತಡ, ಉಸಿರು ಮೇಲೆ ಬರುತ್ತಿಲ್ಲ. ಕೌಂಟರಿನ ಮುಂದೆ ನಿಂತಿದ್ದ ಗಿರಾಕಿಯೇ ಹೆದರಿ ಆಂಬುಲೆನ್ಸಿಗೆ ಫೋನ್ ಮಾಡಿದರು. ಬೀದಿಯವರೆಲ್ಲ ಕತ್ತು ಉದ್ದ ಮಾಡಿ ನೋಡುತ್ತಿರುವಾಗ ನನ್ನನ್ನು ಎತ್ತಿಕೊಂಡು ಹೋದರು. ಇಸಿಜಿ ತೆಗೆದರು, ರಕ್ತ ತೆಗೆದರು, ಕಾಯಿಸಿದರು, ಮತ್ತೆ ತೆಗೆದರು. ಸಂಜೆಗೆ ಡಾಕ್ಟರು "ಹೃದಯಕ್ಕೆ ಏನೂ ಇಲ್ಲಮ್ಮ, ಹೊಟ್ಟೆಯ ಆಮ್ಲ" ಎಂದು ಒಂದು ಶೀಟು ಮಾತ್ರೆ ಕೊಟ್ಟು ಕಳಿಸಿದರು.

ಮನೆಗೆ ಬಂದೆನೋ ಇಲ್ಲವೋ, ಶುರುವಾಯಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಒಂದು ತೇಗಿಗೆ ಆಂಬುಲೆನ್ಸ್ ಕರೆಸಿದ ಸೊಸೆ ಇವಳೊಬ್ಬಳೇ ಇರ್ಬೇಕು!" ಮೈದುನನಂತೂ ನಾನು ಸ್ಟ್ರೆಚರಿನ ಮೇಲೆ ಕಣ್ಣು ಮೇಲೆ ಮಾಡಿ ಮಲಗಿದ್ದನ್ನು ನಟಿಸಿ ತೋರಿಸುವ ಕಲೆಯಲ್ಲಿ ಪಳಗಿಬಿಟ್ಟ. ಬಂದ ನೆಂಟರಿಗೆಲ್ಲ ಅದೇ ಪ್ರದರ್ಶನ. ನನಗೆ 'ಆಂಬುಲೆನ್ಸ್ ಅತ್ತಿಗೆ' ಎಂದು ಹೆಸರೂ ಬಿತ್ತು. ನಮ್ಮವರು ನಗಲಿಲ್ಲ, ಆದರೆ ನಗುವವರಿಗೆ ಸುಮ್ಮನಿರಿ ಎನ್ನಲೂ ಇಲ್ಲ. ನಾನು ಮೇಲೆ ಮೇಲೆ ಅವರ ಜೊತೆಗೆ ನಕ್ಕೆ. ಒಳಗೆ ಮಾತ್ರ ಆ ನಗು ಮುಳ್ಳಿನ ಹಾಗೆ ಕೂತುಬಿಟ್ಟಿತು.

ಆ ದಿನ ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಇದ್ದರು, ಬಿಳಿ ಕೂದಲಿನ ಸಣ್ಣ ತುರುಬು, ದೊಡ್ಡ ದನಿ. ನಾನು ಚಪ್ಪಲಿ ಮೆಟ್ಟುತ್ತ "ಸುಮ್ನೆ ನಿಮಗೆಲ್ಲ ತೊಂದರೆ ಕೊಟ್ಟೆ" ಅಂದದ್ದಕ್ಕೆ ಅವರು ಸೊಂಟದ ಮೇಲೆ ಕೈ ಇಟ್ಟುಕೊಂಡು ಗದರಿದ್ದರು.

"ಏನಿದೆ, ಏನಿಲ್ಲ ಅಂತ ಹೇಳೋದು ನಮ್ಮ ಕೆಲಸ. ಬರೋದಷ್ಟೇ ನಿಮ್ಮ ಕೆಲಸ. ಎದೆ ಮೇಲೆ ಯಾರೋ ಕೂತ ಹಾಗೆ ಒತ್ತಿದ್ರೆ, ಹತ್ತು ನಿಮಿಷ ಸುಮ್ನೆ ಕೂತ್ರೂ ಬಿಡದಿದ್ರೆ, ನೋವು ಕೈಗೋ ದವಡೆಗೋ ಬೆನ್ನಿಗೋ ಹರಿದ್ರೆ, ತಣ್ಣಗೆ ಬೆವರಿದ್ರೆ, ಉಸಿರು ಸಾಲದೆ ಹೋದ್ರೆ, ವಾಂತಿ ಬಂದ ಹಾಗಾದ್ರೆ, ಯೋಚನೆ ಮಾಡ್ತಾ ಕೂರಬೇಡಿ. ಇದೆಲ್ಲ ಒಟ್ಟಿಗೇ ಬರ್ಬೇಕು ಅಂತಲೂ ಇಲ್ಲ. ನೀವು ಬಂದಿದ್ದು ಸರಿ. ಗೊತ್ತಾಯ್ತಾ?"

ಗೊತ್ತಾಗಿತ್ತು. ಚೆನ್ನಾಗಿಯೇ ಗೊತ್ತಾಗಿತ್ತು. ಅದಕ್ಕೇ ಆ ಮಂಗಳವಾರದ ಬಗ್ಗೆ ನನಗೆ ನೆಪ ಹೇಳಲು ಬಾಯಿಲ್ಲ.

ಅವತ್ತು ದೊಡ್ಡ ಹೋಟೆಲೊಂದರ ಮೇಜುಬಟ್ಟೆಗಳು ಬಂದಿದ್ದವು. ಇನ್ನೂರ ನಲವತ್ತು, ಎಲ್ಲ ಬಿಳಿ, ಎಲ್ಲಕ್ಕೂ ಗಂಜಿ. ಐದು ಗಂಟೆಯೊಳಗೆ ಮುಟ್ಟಿಸಬೇಕು. ನಮ್ಮವರು ಊಟಕ್ಕೂ ಸರಿಯಾಗಿ ಕೂರದೆ ನಿಂತೇ ನಾಲ್ಕು ತುತ್ತು ನುಂಗಿ ಮೇಜಿಗೆ ಮರಳಿದ್ದರು. ಎರಡು ಗಂಟೆಗೆ ನಾನು ಬಿಲ್ಲಿನ ಕಾಗದದ ಸುರುಳಿ ತೆಗೆದುಕೊಳ್ಳಲು ಒಳಗೆ ಹೋದೆ. ನೋಡಿದರೆ ಇವರು ಇಸ್ತ್ರಿಯನ್ನು ಅದರ ತಟ್ಟೆಯ ಮೇಲಿಟ್ಟು, ಮುಷ್ಟಿ ಕಟ್ಟಿದ ಕೈಯನ್ನು ಎದೆಯ ನಡುವೆ ಒತ್ತಿಕೊಂಡು ನಿಂತಿದ್ದಾರೆ.

"ಏನಾಯ್ತ್ರೀ?"

"ಏನಿಲ್ಲ. ಭುಜ ಸೋತಿದೆ. ಎದೆ ಸ್ನಾಯು ಹಿಡ್ಕೊಂಡಿದೆ ಅಷ್ಟೇ."

"ನೂರ ಎಂಬತ್ತು ಬಟ್ಟೆ ಒಂದೇ ಸಮನೆ ಹಾಕಿದ್ರೆ ಹಿಡೀದೆ ಇನ್ನೇನಾಗುತ್ತೆ?" ಎಂದರು ಅತ್ತೆ ಸೂಜಿಯಿಂದ ಕಣ್ಣು ತೆಗೆಯದೆ. "ಒಂದು ಟವಲು ಹಾಕಮ್ಮ ಅವನಿಗೆ."

ನನ್ನೊಳಗೆ ಆ ನರ್ಸಮ್ಮನ ದನಿ ಎದ್ದಿತು. ಮುಷ್ಟಿ, ಎದೆಯ ನಡುವೆ, ಒತ್ತುತ್ತಿದೆ. ಅದು ಎದ್ದ ಹಾಗೆಯೇ ಮೈದುನನ ಆ ಸ್ಟ್ರೆಚರಿನ ನಟನೆಯೂ ಕಣ್ಣ ಮುಂದೆ ಬಂತು. ಅವನು ಬೇರೆ ಬಾಗಿಲಲ್ಲೇ ನಿಂತಿದ್ದ. ನಾನು ತುಟಿ ಎರಡು ಮಾಡಲಿಲ್ಲ. ಟವಲು ತೆಗೆದೆ, ನಾಲ್ಕು ಮಡಿಕೆ ಮಾಡಿದೆ, ನೀರು ಚಿಮುಕಿಸಿದೆ, ಇಸ್ತ್ರಿ ಒತ್ತಿದೆ.

ಅದನ್ನು ಎದೆಯ ಮೇಲೆ ಇಟ್ಟಾಗ ಇವರು ಕಣ್ಣು ಮುಚ್ಚಿದರು. "ಹಾ... ಈಗ ಸ್ವಲ್ಪ ಹಾಯಾಗಿದೆ" ಎಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ನೋಡಿದಿರಾ, ಎಷ್ಟು ಬೇಗ ನಂಬಿಬಿಡುತ್ತೇವೆ! ಬಿಸಿ ತಗುಲಿದರೆ ಯಾರಿಗಾದರೂ ಹಾಯೆನಿಸುತ್ತದೆ. ಅದಕ್ಕೂ ಒಳಗೆ ಏನು ನಡೆಯುತ್ತಿದೆ ಎಂಬುದಕ್ಕೂ ಏನು ಸಂಬಂಧ?

ಹತ್ತು ನಿಮಿಷಕ್ಕೆ ಮತ್ತೆ ಮುಷ್ಟಿ ಎದೆಗೆ ಹೋಯಿತು. ಎರಡನೇ ಟವಲು. ಆಗ ಮೈದುನ ನಕ್ಕ. "ಅತ್ತಿಗೇ, ಆಂಬುಲೆನ್ಸ್ ಕರೀಲಾ? ನಂಬರು ನಿಮಗೆ ಬಾಯಿಪಾಠ ಅಲ್ವಾ?"

ಅತ್ತೆ ನಕ್ಕರು. ಇವರೂ ಬಿಳಿಚಿದ ಮುಖದಲ್ಲಿ ನಗಲು ನೋಡಿದರು. ಮತ್ತೆ ನಾನು, ಈ ಚೂಪು ನಾಲಿಗೆಯವಳು, ಹಲ್ಲು ಕಿರಿದೆ. "ಸುಮ್ನಿರೋ, ನಿನ್ನ ವ್ಯಾನಿಗಿಂತ ಅದೇ ವಾಸಿ" ಅಂದೆ. ಆ ನಗುವಿಗೆ ನಾನು ನನ್ನನ್ನು ಕ್ಷಮಿಸಿಕೊಳ್ಳಲು ಬಹಳ ದಿನ ಹಿಡಿಯಿತು.

ಮೂರನೇ ಟವಲು ತಂದಾಗ ಇವರು ಇನ್ನೊಂದು ಸ್ಟೂಲಿನ ಮೇಲೆ ಕುಸಿದ ಹಾಗೆ ಕೂತಿದ್ದರು. ಹಳೆಯ ಟವಲನ್ನು ತೆಗೆಯುವಾಗ ನನ್ನ ಬೆರಳು ಅವರ ಕುತ್ತಿಗೆಗೆ ತಗುಲಿತು.

ತಣ್ಣಗಿತ್ತು.

ನಮ್ಮ ಇಸ್ತ್ರಿ ಕೋಣೆಯಲ್ಲಿ ಬೆವರದವರಿಲ್ಲ. ಬಾಯ್ಲರಿನ ಬಿಸಿಗೆ ಗೋಡೆಯೇ ಬೆವರುತ್ತದೆ. ಇವರ ಅಂಗಿ ಒದ್ದೆಯಾಗಿದೆ ಎಂದು ಯಾರೂ ಎರಡನೇ ಸಲ ನೋಡುವುದಿಲ್ಲ. ಆದರೆ ಇಲ್ಲಿಯ ಬೆವರು ಬಿಸಿ. ಇಪ್ಪತ್ತೆರಡು ವರ್ಷದಿಂದ ನಾನು ಮುಟ್ಟಿ ಬಲ್ಲೆ, ಇವರ ಬೆವರು ಬಿಸಿ. ಎದೆಯ ಮೇಲೆ ಕಾದ ಟವಲು, ಮೂರು ಹೆಜ್ಜೆ ಆಚೆ ಬಾಯ್ಲರು. ಇವರ ಕುತ್ತಿಗೆ, ಹಣೆ, ಅಂಗೈ ಮಾತ್ರ ನೆನೆದ ಬಟ್ಟೆಯ ಹಾಗೆ ತಣ್ಣಗೆ. ಕೈಯಲ್ಲಿದ್ದ ಟವಲು ಕೆಳಗೆ ಬಿತ್ತು.

"ಬಾಯ್ಲರ್ ಆರಿಸು," ಎಂದೆ ಮೈದುನನಿಗೆ. "ಹಿಂದಿನ ಬಾಗಿಲು ತೆಗಿ. ಎಲ್ಲ ಮೆಷಿನ್ನೂ ನಿಲ್ಸು."

"ಯಾಕತ್ತಿಗೆ, ಇನ್ನೂ ಅರವತ್ತು ಬಟ್ಟೆ..."

"ನಿಲ್ಸು ಅಂದೆ!"

ಕೌಂಟರಿನ ದನಿ ಕೊನೆಗೂ ಹೊರಗೆ ಬಂದಿತ್ತು. ಅವನು ಓಡಿದ. ನಾನು ಫೋನು ತೆಗೆದೆ. ಇವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬೇಡ ಮಾರಾಯ್ತಿ. ಐದಕ್ಕೆ ಬಟ್ಟೆ ಹೋಗ್ಬೇಕು. ಹೋದ ಸಲದ ಹಾಗೆ ಏನೂ ಇಲ್ಲ ಅಂತಾರೆ, ಮತ್ತೆ ಎಲ್ಲರ ಬಾಯಿಗೆ ಬೀಳ್ತೀವಿ."

"ಬೀಳೋಣ. ಏನೂ ಇಲ್ಲ ಅಂತ ಅವರೇ ಹೇಳ್ಲಿ. ಆಮೇಲೆ ನೀವೂ ನಗಿ, ನಾನೂ ನಗ್ತೀನಿ, ನಿಮ್ಮ ತಮ್ಮ ಬೇಕಾದ್ರೆ ಸ್ಟ್ರೆಚರ್ ಮೇಲೆ ಹತ್ತಿ ನಾಟಕ ಆಡ್ಲಿ."

"ಹೋಗೋದೇ ಆದ್ರೆ ವ್ಯಾನಲ್ಲಿ ಹೋಗೋಣ ಅತ್ತಿಗೆ, ಬೇಗ ಆಗುತ್ತೆ," ಎಂದ ಮೈದುನ. ಅವನ ಮುಖದಲ್ಲಿ ಈಗ ನಗು ಇರಲಿಲ್ಲ.

"ದಾರೀಲಿ ಹೆಚ್ಚು ಕಡಿಮೆ ಆದ್ರೆ ನಿನ್ನ ವ್ಯಾನಲ್ಲಿ ಏನಿದೆ? ಹ್ಯಾಂಗರು!"

ಅಷ್ಟರಲ್ಲಿ ಫೋನಿನಲ್ಲಿ ಒಬ್ಬ ಹುಡುಗಿಯ ಶಾಂತ ದನಿ ಬಂತು. ವಿಳಾಸ ಕೇಳಿದಳು, ಹೇಳಿದೆ. ಎಚ್ಚರ ಇದ್ದಾರಾ, ಮಾತಾಡ್ತಿದ್ದಾರಾ, ಕೇಳಿದಳು. ಹೌದು ಅಂದೆ. ಗಾಡಿ ಹೊರಟಿದೆ, ಫೋನ್ ಇಡಬೇಡಿ ಎಂದಳು. ಆಮೇಲೆ ಕೇಳಿದಳು, "ನೋವು ಶುರುವಾಗಿ ಎಷ್ಟು ಹೊತ್ತಾಯ್ತು ಮೇಡಂ?"

ಗೋಡೆಯ ಗಡಿಯಾರ ನೋಡಿದೆ. ಎರಡು ಇಪ್ಪತ್ತೈದು. ಹತ್ತು ನಿಮಿಷ ಎಂದು ಹೇಳಿಬಿಡಲೇ ಎಂದು ಬಾಯಿಯವರೆಗೆ ಬಂತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು ಯಾರೂ ಕೇಳುತ್ತಿರಲಿಲ್ಲ.

"ಇಪ್ಪತ್ತೈದು ನಿಮಿಷ," ಎಂದೆ. "ಟವಲು ಹಾಕ್ತಾ ಕೂತಿದ್ವಿ."

ಆ ಹುಡುಗಿ ಬಯ್ಯಲಿಲ್ಲ. "ಪರವಾಗಿಲ್ಲ, ಸರಿಯಾಗಿ ಹೇಳಿದ್ದು ಒಳ್ಳೇದಾಯ್ತು. ನೋವು ಬೇರೆ ಕಡೆ ಹೋಗ್ತಿದೆಯಾ? ಕೈ, ಕುತ್ತಿಗೆ, ದವಡೆ?"

ಇವರನ್ನು ಕೇಳಿದೆ. ತಲೆ ತಗ್ಗಿಸಿದರು. "ಬೆಳಗ್ಗೆಯಿಂದ ಕೆಳಗಿನ ಹಲ್ಲು ನೋಯ್ತಿತ್ತು. ಹಲ್ಲು ಅಂದ್ಕೊಂಡೆ."

"ಬೆಳಗ್ಗೆಯಿಂದ! ನನಗೆ ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ನೀನು ಗಲಾಟೆ ಮಾಡ್ತೀಯ ಅಂತ..."

ನಾನು ನಿಜವಾಗಿಯೂ ಗಲಾಟೆ ಮಾಡುವವಳಿದ್ದೆ, ಫೋನಿನ ಹುಡುಗಿ ತಡೆದಳು. ಅವರನ್ನು ನಡೆಸಬೇಡಿ, ಒರಗಿಸಿ ಕೂರಿಸಿ, ಅಂಗಿಯ ಗುಂಡಿ ಸಡಿಲ ಮಾಡಿ ಎಂದಳು. ಆಸ್ಪಿರಿನ್ ಮಾತ್ರೆ ಒಗ್ಗದೆ ಹೋದದ್ದಿದೆಯೇ, ಹೊಟ್ಟೆಯಲ್ಲಿ ಹುಣ್ಣು, ರಕ್ತ ಹೋಗುವುದು ಏನಾದರೂ ಇದೆಯೇ, ಬೇರೆ ಮಾತ್ರೆ ತಗೊಳ್ತಾರೆಯೇ ಎಂದು ಒಂದೊಂದೇ ಕೇಳಿದಳು. ಇಲ್ಲ, ಇಲ್ಲ, ಇಲ್ಲ ಎಂದೆ. ಮೈದುನ ಎದುರಿನ ಔಷಧಿ ಅಂಗಡಿಗೆ ಓಡಿ ಆಸ್ಪಿರಿನ್ ತಂದ. ಅವಳು ಹೇಳಿದಷ್ಟನ್ನು ಇವರು ಅಗಿದು ನುಂಗಿದರು. ಕಹಿಗೆ ಮುಖ ಕಿವುಚಿದರು.

ಕೆಲಸದ ಹೊತ್ತಿನಲ್ಲಿ ನಮ್ಮ ಲಾಂಡ್ರಿ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕಂಡಿರಲಿಲ್ಲ. ಅತ್ತೆಯ ಕೈಯಲ್ಲಿ ಸೂಜಿ ಹಾಗೆಯೇ ಇತ್ತು. ಕೆಳಗೆ ಬಿದ್ದ ಟವಲನ್ನು ನೋಡುತ್ತಿದ್ದರು. ಇವರು ನನ್ನ ಭುಜಕ್ಕೆ ಒರಗಿ ಕೂತಿದ್ದರು. "ಹೆದರ್ಕೋಬೇಡ" ಎಂದರು. ನಾನು "ಯಾರು ಹೆದರಿದ್ದು?" ಎಂದೆ. ಇವರು ಹೋದರೆ ಎಂದು ಮೊದಲ ಸಲ ಯೋಚಿಸಿದೆ, ಪೂರ್ತಿ ಯೋಚಿಸಲು ಆಗಲಿಲ್ಲ.

ಒಂಬತ್ತು ನಿಮಿಷಕ್ಕೆ ಆಂಬುಲೆನ್ಸ್ ಬಂತು. ಬಂದವರು ಅಲ್ಲಿಯೇ ಇಸ್ತ್ರಿ ಮೇಜುಗಳ ನಡುವೆ ಇವರ ಎದೆಗೆ ತಂತಿಗಳನ್ನು ಅಂಟಿಸಿ ಇಸಿಜಿ ತೆಗೆದರು. ಹಾಳೆ ಹೊರಬರುತ್ತಿದ್ದಂತೆ ಅವರಲ್ಲಿ ಹಿರಿಯವನ ಹುಬ್ಬು ಗಂಟಿಕ್ಕಿತು. ಅದರ ಚಿತ್ರ ತೆಗೆದು ಆಸ್ಪತ್ರೆಗೆ ಕಳಿಸಿ, "ಹೃದಯಾಘಾತ. ರೆಡಿ ಮಾಡ್ಕೊಳ್ಳಿ, ಬರ್ತಿದೀವಿ" ಎಂದು ಫೋನಿನಲ್ಲಿ ಹೇಳಿದ. ಅತ್ತೆ ಸ್ಟೂಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು.

ಸ್ಟ್ರೆಚರ್ ಹೊರಗೆ ಹೋಗುವಾಗ ಇವರು ಕಣ್ಣು ಬಿಟ್ಟು, "ಸ್ವಲ್ಪ ನೋಡ್ಕೊಂಡು... ಮೇಜುಬಟ್ಟೆ ತುಳೀಬೇಡಿ" ಎಂದರು. ಇಂಥ ಗಂಡಸನ್ನು ಏನು ಮಾಡೋಣ ಹೇಳಿ!

ಆಸ್ಪತ್ರೆಯಲ್ಲಿ ಅವರನ್ನು ನೇರವಾಗಿ ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ನಾನೂ ಅತ್ತೆಯೂ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತೆವು. ಎದುರಿನ ಗೋಡೆಯ ಟೀವಿಯಲ್ಲಿ ಯಾರೋ ನೆಲ ಒರೆಸುವ ಕೋಲಿನ ಜಾಹೀರಾತು ಮಾಡುತ್ತಿದ್ದರು. ಅದನ್ನು ಎಷ್ಟು ಸಲ ನೋಡಿದೆನೋ, ಆ ಕೋಲಿನ ಗುಣಗಾನ ನನಗೆ ಈಗಲೂ ಬಾಯಿಗೆ ಬರುತ್ತದೆ. ಅತ್ತೆ ಒಂದೇ ಮಾತು ಆಡಿದರು. "ನಾನೇ ಹೇಳಿದ್ದು, ಟವಲು ಹಾಕು ಅಂತ."

"ಹಾಕಿದ್ದು ನಾನು, ಅತ್ತೆ," ಎಂದೆ. ಅವರ ಕೈ ನನ್ನ ಕೈಯ ಮೇಲೆ ಬಂದು ಕೂತಿತು.

ನಡುವೆ ಆ ಬಿಳಿ ತುರುಬಿನ ನರ್ಸಮ್ಮ ಹಾದುಹೋದರು. ಎದ್ದು ನಿಂತೆ. ಅವರಿಗೆ ನನ್ನ ನೆನಪಿರಲಿಲ್ಲ. ಇರುವುದು ಹೇಗೆ, ದಿನಕ್ಕೆ ಎಷ್ಟು ಜನವೋ! ಆದರೂ ನಿಂತು, "ಯಾರು ಬೇಕಮ್ಮ?" ಎಂದರು. ನಾನು "ಯಾರೂ ಬೇಡ, ನಿಮಗೊಂದು ನಮಸ್ಕಾರ ಹೇಳ್ಬೇಕಿತ್ತು" ಎಂದೆ. ಅವರು ನನ್ನನ್ನು ಒಂದು ಥರ ನೋಡಿ, ಕುಡಿಯಲು ನೀರು ಕೊಟ್ಟು ಹೋದರು.

ನಾಲ್ಕೂವರೆಗೆ ಡಾಕ್ಟರು ಹೊರಗೆ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕಣ್ಣಿನಲ್ಲಿ ಆಯಾಸ. ಹೃದಯಕ್ಕೆ ರಕ್ತ ಕೊಡುವ ಒಂದು ದೊಡ್ಡ ನಾಳ ಪೂರ್ತಿ ಮುಚ್ಚಿಕೊಂಡಿತ್ತಂತೆ. ಕೈಯ ರಕ್ತನಾಳದಿಂದ ಸಣ್ಣ ತಂತಿ ತೂರಿಸಿ ತೆರೆದು, ಮತ್ತೆ ಮುಚ್ಚದ ಹಾಗೆ ಸ್ಟೆಂಟ್ ಕೂರಿಸಿದ್ದಾರಂತೆ. "ಈಗ ಚೆನ್ನಾಗಿದ್ದಾರೆ. ಇನ್ನೂ ಒಂದೆರಡು ಗಂಟೆ ಮನೇಲೇ ಇದ್ದಿದ್ರೆ ನಾನು ನಿಮ್ಮ ಹತ್ರ ಬೇರೆ ಮಾತು ಆಡ್ಬೇಕಾಗ್ತಿತ್ತು."

"ಡಾಕ್ಟ್ರೇ, ನಾವು ಬಿಸಿ ಟವಲು ಹಾಕಿದ್ವಿ," ಎಂದರು ಅತ್ತೆ, ತಪ್ಪು ಮಾಡಿದ ಮಗುವಿನ ಹಾಗೆ. "ಅದ್ರಿಂದಲೇ ಹೀಗಾಯ್ತಾ?"

"ಇಲ್ಲಮ್ಮ. ಟವಲಿನಿಂದ ಆಗಿದ್ದಲ್ಲ. ಆದ್ರೆ ಟವಲು ಹೊತ್ತು ತಿನ್ನುತ್ತೆ. ಇಂಥ ನೋವಿಗೆ ಮೊದಲು ಫೋನು."

ಅತ್ತೆ ತಲೆಯಾಡಿಸಿದರು. ನಾನು ಕುರ್ಚಿಯಲ್ಲಿ ಕುಸಿದು, ಎಲ್ಲರೂ ನೋಡುತ್ತಿದ್ದಾರೆ ಎಂಬುದನ್ನೂ ಮರೆತು ಗೊಳೋ ಎಂದು ಅತ್ತುಬಿಟ್ಟೆ. ಅಷ್ಟು ಹೊತ್ತು ಕಟ್ಟಿಟ್ಟಿದ್ದೆಲ್ಲ ಹರಿದು ಹೋಯಿತು.

ಮೇಜುಬಟ್ಟೆ ಏನಾಯಿತು ಅಂತೀರಾ? ಮೈದುನ ಹೋಟೆಲಿಗೆ ಫೋನ್ ಮಾಡಿ ವಿಷಯ ತಿಳಿಸಿ, ಇದ್ದಷ್ಟನ್ನು ಕೊಟ್ಟುಬಂದ. ಉಳಿದ ಅರವತ್ತು ಮೇಜುಗಳ ಮೇಲೆ ಅವತ್ತು ಬಟ್ಟೆಯಿಲ್ಲದೆ ಊಟ ಬಡಿಸಿದರಂತೆ. ಊಟ ಮಾಡಿದವರಲ್ಲಿ ಒಬ್ಬರಾದರೂ ಬಟ್ಟೆ ಎಲ್ಲಿ ಎಂದು ಕೇಳಲಿಲ್ಲವಂತೆ. ಇದನ್ನು ಆಸ್ಪತ್ರೆಯ ಮಂಚದ ಮೇಲೆ ಕೇಳಿ ಇವರು ಬಹಳ ನೊಂದುಕೊಂಡರು. ಇಷ್ಟು ವರ್ಷ ಮೂಲೆಗೆ ಮೂಲೆ ಕೂಡಿಸಿ ಮಡಿಸಿದ್ದನ್ನು ಯಾರೂ ನೋಡುತ್ತಲೇ ಇರಲಿಲ್ಲವೇ ಎಂದು.

ಇವರು ಮನೆಗೆ ಬಂದರು. ಮಾತ್ರೆಗಳು, ಸಣ್ಣ ನಡಿಗೆ, ಮತ್ತೆ ಸ್ವಲ್ಪ ದೊಡ್ಡ ನಡಿಗೆ. ಎರಡು ತಿಂಗಳಿಗೆ ಡಾಕ್ಟರು ಹಗುರ ಕೆಲಸಕ್ಕೆ ಒಪ್ಪಿಗೆ ಕೊಟ್ಟರು. ದೊಡ್ಡ ಬಟ್ಟೆಗಳ ಇಸ್ತ್ರಿಯನ್ನು ಮೈದುನ ಕಲಿತುಕೊಂಡ, ಇವರು ಅಂಗಿ ಕಾಲರು ನೋಡಿಕೊಂಡರು. ಸ್ಟ್ರೆಚರಿನ ನಟನೆ ನಿಂತೇಹೋಯಿತು. 'ಆಂಬುಲೆನ್ಸ್ ಅತ್ತಿಗೆ' ಎಂದು ಬಾಯ್ತಪ್ಪಿ ಒಮ್ಮೆ ಅಂದು, ಅವನೇ ನಾಲಿಗೆ ಕಚ್ಚಿಕೊಂಡ. ಅತ್ತೆ ಮಾತ್ರ ಮೊದಲಿನ ಹಾಗಿರಲಿಲ್ಲ. ಟವಲಿನ ಹೆಸರನ್ನೇ ಎತ್ತುತ್ತಿರಲಿಲ್ಲ. ಆ ದಪ್ಪ ಟವಲುಗಳನ್ನು ಕಪಾಟಿನ ಮೇಲಿನ ಹಲಗೆಗೆ ಹತ್ತಿಸಿಬಿಟ್ಟಿದ್ದರು.

ಮೂರನೇ ತಿಂಗಳು, ಒಂದು ಬೆಳಿಗ್ಗೆ ಹನ್ನೊಂದರ ಹೊತ್ತು. ಕೋಟಿನ ಗುಂಡಿ ನಾವೇ ಕಳೆದದ್ದೆಂದು ಸಾಧಿಸುತ್ತಿದ್ದ ಗಿರಾಕಿಯೊಬ್ಬರ ಜೊತೆ ನಾನು ಜೋರು ವಾದದಲ್ಲಿದ್ದೆ. ಯಾರೋ ಸೆರಗು ಜಗ್ಗಿದರು. ತಿರುಗಿದರೆ ಅತ್ತೆ. ಕೌಂಟರಿನ ಈಚೆ ಅವರು ಬರುವುದೇ ಅಪರೂಪ.

"ಎದೆ ಹಿಡಿದ ಹಾಗಾಗ್ತಿದೆ," ಎಂದರು ತಗ್ಗಿದ ದನಿಯಲ್ಲಿ. "ಬೆನ್ನಿಗೂ ಹೋಗ್ತಿದೆ. ಹತ್ತು ನಿಮಿಷ ನೋಡ್ದೆ, ಬಿಡ್ತಿಲ್ಲ." ಬಹಳ ಕಷ್ಟಪಟ್ಟು ಮುಂದಿನದನ್ನು ಹೇಳಿದರು. "ಏನೂ ಇಲ್ಲದಿದ್ರೆ ನಗಬೇಡ್ರಮ್ಮ."

ಗುಂಡಿಯ ಗಿರಾಕಿಗೆ "ನಿಮ್ಮ ಗುಂಡಿ ನಾನೇ ನುಂಗಿದೆ ಅಂದ್ಕೊಳ್ಳಿ, ನಾಳೆ ಬನ್ನಿ" ಎಂದು ಹೇಳಿ ಫೋನು ತೆಗೆದೆ. ಈ ಸಲ ಯಾರೂ ವ್ಯಾನಿನ ಮಾತೆತ್ತಲಿಲ್ಲ. ಮೈದುನ ಹೇಳುವ ಮೊದಲೇ ಬಾಯ್ಲರು ಆರಿಸಿದ. ಇವರು ಅಮ್ಮನನ್ನು ತಮ್ಮ ಎದೆಗೆ ಒರಗಿಸಿಕೊಂಡು ನೆಲದ ಮೇಲೆ ಕೂತರು. ಬೀದಿಯವರು ಮತ್ತೆ ಕತ್ತು ಉದ್ದ ಮಾಡಿದರು. ಮಾಡಲಿ.

ಅದೇ ಪ್ಲಾಸ್ಟಿಕ್ ಕುರ್ಚಿಗಳು, ಅದೇ ನೆಲ ಒರೆಸುವ ಕೋಲು. ಇಸಿಜಿ, ರಕ್ತ, ಕಾಯುವುದು, ಮತ್ತೆ ಇಸಿಜಿ, ಮತ್ತೆ ರಕ್ತ. ಇವರು ಒಂದು ಕಡೆ ಕೂರಲಾರದೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡಿದರು. ಸಂಜೆ ಐದಕ್ಕೆ ಡಾಕ್ಟರು ಬಂದು, "ಹೃದಯ ಗಟ್ಟಿಯಾಗಿದೆ. ಏನೂ ಇಲ್ಲ. ಬೆನ್ನಿನ ಸ್ನಾಯು ಹಿಡಿದಿದೆ, ಬಗ್ಗಿ ಬಗ್ಗಿ ಹೊಲೀತಾರಲ್ಲ" ಎಂದರು.

ಏನೂ ಇಲ್ಲ! ಆ ಎರಡು ಮಾತು ಅಷ್ಟು ಸಿಹಿಯಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೈದುನ ಅಲ್ಲಿಯೇ ಅಮ್ಮನನ್ನು ತಬ್ಬಿಕೊಂಡು ಎತ್ತಿಬಿಟ್ಟ.

ಆದರೆ ಲಾಂಡ್ರಿಗೆ ಮರಳಿದ ಮೇಲೆ ಅತ್ತೆಯ ಮುಖ ಸಣ್ಣದಾಯಿತು. ಇಸ್ತ್ರಿ ಕೋಣೆಯಲ್ಲಿ ತಮ್ಮ ಸ್ಟೂಲಿನ ಮೇಲೆ ಮುದುಡಿ ಕೂತರು. "ಸುಮ್ನೆ ಎಲ್ಲರ ದಿನ ಹಾಳು ಮಾಡ್ದೆ. ಬೆನ್ನು ಹಿಡಿದಿದ್ದಕ್ಕೆ ಆಂಬುಲೆನ್ಸು!" ಎಂದರು. ಮೈದುನ ಏನೋ ಹೇಳಲು ಬಾಯಿ ತೆರೆದ. ನಾನು ಕಣ್ಣಲ್ಲೇ ಸುಡುವ ಹಾಗೆ ನೋಡಿದೆ. ಅವನು ಪಾಪ, "ನೀರು ಕುಡೀತೀಯಾ ಅಮ್ಮ ಅಂತ ಕೇಳೋಣ ಅಂತಿದ್ದೆ" ಎಂದ.

ಆಗ ಇವರು ಎದ್ದರು. ಕಪಾಟಿನ ಮೇಲಿನ ಹಲಗೆಗೆ ಕೈ ಚಾಚಿ ದಪ್ಪ ಟವಲೊಂದನ್ನು ಇಳಿಸಿದರು. ನಾಲ್ಕು ಮಡಿಕೆ ಮಾಡಿದರು, ಮೂಲೆಗೆ ಮೂಲೆ ಕೂಡಿಸಿ. ಎರಡು ಹನಿ ನೀರು. ಇಸ್ತ್ರಿ ಒತ್ತಿದಾಗ ಚುಯ್ ಎಂದು ಹಬೆ ಎದ್ದಿತು. ಅದನ್ನು ತಂದು ಅಮ್ಮನ ಬೆನ್ನ ಮೇಲೆ ಹದವಾಗಿ ಹರಡಿದರು.

"ಈಗ ಹಾಕ್ಬಹುದಮ್ಮ," ಎಂದರು. "ಏನೂ ಇಲ್ಲ ಅಂತ ಅವ್ರು ಹೇಳಿದ್ಮೇಲೆ ಹಾಕ್ಬಹುದು."

ಅತ್ತೆ ಕಣ್ಣು ಮುಚ್ಚಿದರು. ಆಮೇಲೆ ಕಣ್ಣು ಬಿಟ್ಟು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಏನೋ ಲೆಕ್ಕ ಹಾಕುತ್ತಿದ್ದ ಹಾಗಿತ್ತು.

"ಹೋದ ವರ್ಷ ನೀನೂ ಹೀಗೇ ಏನೂ ಇಲ್ಲ ಅನ್ನಿಸ್ಕೊಂಡು ಬಂದಿದ್ದೆ ಅಲ್ವಾ," ಎಂದರು. "ನಿನಗೆ ಅವತ್ತು ಯಾರೂ ಟವಲು ಹಾಕ್ಲಿಲ್ಲ."

ನಾನು ಏನಾದರೂ ಹೇಳಬೇಕಿತ್ತು. ಚುರುಕಾಗಿ ಏನಾದರೂ. ಅದರ ಬದಲು ಅವರ ಬೆನ್ನಿನಿಂದ ಜಾರುತ್ತಿದ್ದ ಟವಲಿನ ಅಂಚನ್ನು ಸರಿಮಾಡುತ್ತ ನಿಂತೆ.

"ಏ, ನಿಂತು ಏನು ನೋಡ್ತೀಯ?" ಎಂದು ಅತ್ತೆ ದೊಡ್ಡ ಮಗನನ್ನು ಗದರಿದರು. "ಇವಳಿಗೂ ಒಂದು ಮಾಡು."

ಇವರು ಆಗಲೇ ಎರಡನೇ ಟವಲು ಮಡಿಸುತ್ತಿದ್ದರು.